ಡ್ಯೂಕನನ್ನು ಎತ್ತುವ ಸೀರೆ

ಆರ್.ಎಸ್. ಪುರಂ ಬಂಗಲೆಯ ಅಮ್ಮನವರು ಊರು ಬಿಡುವಾಗ, "ಒಂದು ವಾರ ನೋಡಿಕೊ ರುಕ್ಮಣಿ" ಎಂದು ಕೊಟ್ಟುಹೋದ ನಾಯಿ ಅದು. ಎಂಬತ್ತೊಂದರ ಮಾತು. ವಾರ ಹೋಗಿ ಮೂರು ವರ್ಷವಾಯಿತು, ಅಮ್ಮನವರ ಪತ್ತೆಯಿಲ್ಲ. ನಾಯಿಯೋ, ಗ್ರೇಟ್ ಡೇನ್ ಜಾತಿ. ಕರುವಿನಷ್ಟು ಎತ್ತರ, ಹೆಸರು ಡ್ಯೂಕ್. ಮಗ್ಗ ನಂಬಿ ಒಬ್ಬಳೇ ಬದುಕುವ ರುಕ್ಮಣಿಯ ಅನ್ನದ ಪಾತ್ರೆಯನ್ನು ಅದು ಎರಡೇ ಬಾಯಿಗೆ ಖಾಲಿ ಮಾಡುತ್ತಿತ್ತು.

ಈಗ ಅದಕ್ಕೆ ಮುಪ್ಪು, ಹಿಂಗಾಲು ಬಿದ್ದುಹೋಗಿವೆ. ಹೊಟ್ಟೆಯಡಿ ಹಳೇ ಸೀರೆ ತೂರಿಸಿ ಬೆಳಿಗ್ಗೆ ಎತ್ತಬೇಕು, ಸಂಜೆ ಎತ್ತಬೇಕು. ರುಕ್ಮಣಿಗೆ ಸಾಕಾಗಿಹೋಗಿತ್ತು. ಸೊಂಟ ಅವಳ ಮಾತು ಕೇಳುವುದನ್ನೇ ಬಿಟ್ಟಿತ್ತು.

ಅದರ ಮೇಲೆ ಪಾವಿನ, ಅಂದರೆ ಮಗ್ಗಕ್ಕೇರಿಸುವ ಹಾಸುನೂಲಿನ, ರಗಳೆ. ಬೀದಿಯುದ್ದ ನೂಲು ಬಿಗಿದು ಗಂಜಿ ಹಾಕುವ ಕೆಲಸ ಒಬ್ಬರಿಂದಾಗದು, ಬೀದಿಯೇ ಕೈಹಾಕಬೇಕು. ಕೂತ ನಾಯಿ ಏನು ಮಾಡೀತೆಂದು ಅವಳು ಡ್ಯೂಕನನ್ನು ಪಕ್ಕದಲ್ಲೇ ಕೂರಿಸಿದ್ದಳು. ಅದು ಕೂತಲ್ಲಿಂದಲೇ ಕತ್ತು ಚಾಚಿ ಗಂಜಿಯನ್ನೆಲ್ಲ ನೆಕ್ಕಿತು. ಇನ್ನೂರು ಎಳೆ ಹರಿದವು.

"ಆ ನಾಯಿ ಇರೋವರ್ಗೂ ನಿನ್ ಪಾವಿಗೆ ನಾವ್ ಕೈ ಹಾಕಲ್ಲಕ್ಕಾ," ಎಂದಳು ಎದುರುಮನೆ ವಳ್ಳಿಯಮ್ಮ. ಪಾವಿಲ್ಲದಿದ್ದರೆ ಮಗ್ಗವಿಲ್ಲ, ಮಗ್ಗವಿಲ್ಲದಿದ್ದರೆ ಊಟವಿಲ್ಲ.

ಸೂಲೂರಿನ ಮಯಿಲ್‌ಸಾಮಿಗೆ ತೋಟ ಕಾಯಲು ನಾಯಿ ಬೇಕಿತ್ತು. ಡ್ಯೂಕನನ್ನು ಒಯ್ಯೆಂದು ರುಕ್ಮಣಿ ಹೇಳಿ ಕಳಿಸಿದ್ದಕ್ಕೆ ಅವನು ಟೆಂಪೊ ತಂದ. ಡ್ಯೂಕ್ ಜಗಲಿಯ ಕೆಳಗೆ ರಾಜನ ಹಾಗೆ ಮಲಗಿತ್ತು.

"ಕಾಲು ಗೀಲು ಸರಿಯಾಗಿದಾವಾಕ್ಕಾ?"

"ಸರಿಯಾಗಿದಾವಪ್ಪ," ಎಂದಳು ರುಕ್ಮಣಿ.

"ಕರೀರಿ, ನಡ್ಕಂಡು ಬರ್ಲಿ."

ಆರು ತಿಂಗಳಿಂದ ಸೀರೆ ಹಿಡಿಯದೆ ಅವಳು ಅದನ್ನು ಕರೆದವಳೇ ಅಲ್ಲ. "ಬಾ ಕಣ್ಣೂ," ಎಂದಳು. ಡ್ಯೂಕ್ ಮುಂಗಾಲೂರಿ ಎದ್ದಿತು, ನಡುಗಿತು, ಕುಸಿಯಿತು. ಮತ್ತೆ ಎದ್ದಿತು. ಅವಳ ಮುಖದಿಂದ ಕಣ್ಣು ತೆಗೆಯದೆ, ಸೊಂಟ ಎಳೆದುಕೊಂಡು ಅವಳ ಕಡೆಗೇ ಬಂತು. ಪಾಪಿ, ಕರೆದಳೆಂದು ಬಂತು.

ರುಕ್ಮಣಿ ನೆಲಕ್ಕೆ ಕೂತು ಅದರ ತಲೆ ಹಿಡಿದುಕೊಂಡಳು. "ಸುಳ್ಳೇಳ್ದೆ ಮಯಿಲ್‌ಸಾಮಿ. ಕಾಲಿಲ್ಲ ಇದ್ಕೆ. ನನ್ ಕೈಲಾಗ್ಲಿಲ್ಲ, ಅದ್ಕೇ ಅಂಗಂದೆ."

"ತೋಟದಲ್ಲಿ ಇದ್ನ ಎತ್ತೋರ್ಯಾರಕ್ಕಾ," ಎಂದು ಅವನು ಟೆಂಪೊ ಹತ್ತಿದ.

ಅವಳಿಗೆ ಅಳಲಿಕ್ಕೂ ತ್ರಾಣವಿರಲಿಲ್ಲ. ಸೀರೆ ತಂದು ಡ್ಯೂಕನ ಹೊಟ್ಟೆಯಡಿ ತೂರಿಸಿ ಎಳೆದಳು. ಅದು ಅಲ್ಲಾಡಲಿಲ್ಲ. ಎಲ್ಲವನ್ನೂ ನೋಡುತ್ತ ನಿಂತಿದ್ದ ವಳ್ಳಿಯಮ್ಮ ಬೀದಿ ದಾಟಿ ಬಂದು ಸೀರೆಯ ಇನ್ನೊಂದು ತುದಿ ಹಿಡಿದಳು.

"ಪಾವಿನ್ ಮಾತು ಬೇರೆ," ಎಂದಳು. "ಎತ್ತಕ್ಕಾ."