ಬರಿಗೈ ನಡಿಗೆ

ಮೊರಾವಾ ನದಿಯ ದಂಡೆಯ ಆ ಊರಿನಲ್ಲಿ ಹೆಂಗಸರು ಸುಮ್ಮನೆ ನಡೆಯುವುದಿಲ್ಲ. ಕೈಯಲ್ಲಿ ಗುದ್ದಲಿ ಇರಬೇಕು, ಇಲ್ಲವೇ ಚೀಲ, ಏನೂ ಇಲ್ಲದಿದ್ದರೆ ಬುಗ್ಗೆಯ ನೀರು ತರಲು ಖಾಲಿ ಕ್ಯಾನಾದರೂ ಇರಬೇಕು. ಬರಿಗೈಯಲ್ಲಿ ಬಿರಬಿರನೆ ಹೋಗುವವಳನ್ನು ಕಂಡರೆ ಊರು ಒಂದೇ ಮಾತು ಕೇಳುತ್ತದೆ: "ಯಾರು ಸತ್ರು?"

ಸೆಪ್ಟೆಂಬರಿನ ಮೊದಲ ವಾರದಲ್ಲೇ ರಾದೊಯ್ಕಾ ಈ ಪ್ರಶ್ನೆಗೆ ಹನ್ನೊಂದು ಸಲ ಉತ್ತರ ಕೊಡಬೇಕಾಯಿತು. ಕಾಲುಚೀಲದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೂತು ದುಡಿದು ನಿವೃತ್ತಳಾದ ಹೆಂಗಸು ಅವಳು. ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು. ಮಾತ್ರೆ ನುಂಗಿದರೆ ಸಾಕು, ಬ್ರೆಡ್ಡು ಎಷ್ಟು ತಿಂದರೂ ನಡೆಯುತ್ತದೆ ಎಂದುಕೊಂಡಿದ್ದಳು. ಆಗಸ್ಟಿನ ಕೊನೆಯಲ್ಲಿ ಡಾಕ್ಟರಮ್ಮ ಅವಳ ಅಂಗಾಲನ್ನು ಸಣ್ಣ ತಂತಿಯಿಂದ ಅಲ್ಲಲ್ಲಿ ಮುಟ್ಟಿ, "ಗೊತ್ತಾಗ್ತಿದೆಯಾ?" ಎಂದು ಕೇಳಿದರು. ಎರಡು ಕಡೆ ಅವಳಿಗೆ ಗೊತ್ತೇ ಆಗಲಿಲ್ಲ.

"ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಒಂಬತ್ತೂವರೆ ಇದೆ," ಎಂದರು ಡಾಕ್ಟರಮ್ಮ. "ಹೀಗೇ ಬಿಟ್ರೆ ಕಾಲಿಗೆ ಬರುತ್ತೆ. ಮಾತ್ರೆ ತಪ್ಪಿಸ್ಬೇಡಿ. ಅದರ ಜೊತೆ ದಿನಾ ಒಂದು ಗಂಟೆ ನಡೀರಿ. ಬಿಳಿ ಬ್ರೆಡ್ಡು, ಸಿಹಿ ಬಿಡಿ. ಡಿಸೆಂಬರಿಗೆ ಮತ್ತೆ ರಕ್ತ ನೋಡೋಣ."

ಕಾಲಿನ ಮಾತು ಬಂದಾಗ ರಾದೊಯ್ಕಾ ಬೆಚ್ಚಿಬಿದ್ದಳು. ಅವಳ ತಾಯಿಯ ಎಡಗಾಲನ್ನು ಮೊಣಕಾಲ ಕೆಳಗೆ ಕತ್ತರಿಸಿದ್ದರು. ಆಮೇಲೆ ಏಳು ವರ್ಷ ಆ ಜೀವ ಕಿಟಕಿಯ ಪಕ್ಕ ಕೂತೇ ಸವೆಯಿತು. ನನಗೆ ಆ ಕಿಟಕಿ ಬೇಡ, ನಾನು ಕೂರುವುದಿಲ್ಲ ಎಂದು ಬಸ್ಸಿನಲ್ಲಿ ಮನೆಗೆ ಬರುವಾಗಲೇ ಅವಳು ಹಲ್ಲು ಕಚ್ಚಿ ತೀರ್ಮಾನಿಸಿದ್ದಳು.

ಮರುದಿನದಿಂದಲೇ ಹೊರಟಳು. ಮನೆಯಿಂದ ದ್ರಾಕ್ಷಿ ತೋಟದ ದಿಬ್ಬ ಹತ್ತಿ, ಆ ಕಡೆ ಇಳಿದು, ಚರ್ಚಿನ ಹಿಂದಿನಿಂದ ವಾಪಸ್ಸು. ಅಡುಗೆಮನೆಯಿಂದ ಹಂದಿ ಕೊಬ್ಬಿನ ಡಬ್ಬ ಹೊರಗೆ ಹೋಯಿತು. ಬೀನ್ಸ್, ಎಲೆಕೋಸು, ಸುಟ್ಟ ಮೆಣಸಿನಕಾಯಿ, ಮೀನು ಒಳಗೆ ಬಂದವು. ಗಂಡ ತಿಖೋಮಿರ್ ಒಳ್ಳೆಯವನೇ, ಆದರೆ ಊರಿನ ಬಾಯಿಗೆ ಹೆದರುವ ಗಂಡಸು.

"ಕೈಯಲ್ಲಿ ಒಂದು ಕ್ಯಾನ್ ಆದ್ರೂ ಹಿಡ್ಕೊಂಡು ಹೋಗೇ," ಎಂದು ಗೋಗರೆದ. "ಜನ ನನ್ನನ್ನ ಕೇಳ್ತಾರೆ."

"ನಲ್ಲಿ ಮನೇಲೇ ಇರೋವಾಗ ಕ್ಯಾನ್ ಯಾಕೆ? ನನ್ನ ಕಾಲು, ನಾನು ನಡೀತೀನಿ. ಕೇಳಿದೋರಿಗೆ ಹಾಗೇ ಹೇಳು."

ಅವನು ಹಾಗೆ ಹೇಳಲಿಲ್ಲ. ಅಂಗಡಿಯ ಮುಂದೆ ಯಾರೋ ಕೇಳಿದಾಗ ನೆಲ ನೋಡುತ್ತಾ, "ಡಾಕ್ಟರು ಹೇಳಿದ್ದಾರೆ," ಎಂದಷ್ಟೇ ಗೊಣಗಿದ. ಊರಿಗೆ ಅಷ್ಟು ಸಾಕಾಯಿತು. ಹೆಂಡತಿ ಬೆಳಗಾದರೆ ಚರ್ಚಿನ ಕಡೆ ಓಡುತ್ತಾಳೆ, ದಿನೇ ದಿನೇ ಇಳಿದುಹೋಗುತ್ತಿದ್ದಾಳೆ, ಗಂಡ ತಲೆ ಎತ್ತುತ್ತಿಲ್ಲ. ಹಾಗಾದರೆ ಕ್ಯಾನ್ಸರೇ ಇರಬೇಕು, ದೇವರಿಗೆ ಹರಕೆ ಹೊತ್ತಿರಬೇಕು! ತಿಖೋಮಿರನ ಅಕ್ಕ ಮಿಲುಂಕಾ ಎದುರು ಬೀದಿಯವಳು. ಈ ಸುದ್ದಿಗೆ ಕೈಕಾಲು ಮೂಡಿಸಿದವಳು ಅವಳೇ.

ಅಕ್ಟೋಬರಿನ ಕೊನೆಯ ಭಾನುವಾರ ಮಿಲುಂಕಾ ಮುಂದಾಳಾಗಿ ಆರು ಹೆಂಗಸರು ಬಾಗಿಲಿಗೆ ಬಂದರು. ರೋಗಿಯನ್ನು ನೋಡಲು ಅಲ್ಲಿ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಕಾಫಿಪುಡಿ, ಹಣ್ಣಿನ ರಸ, ಮೇಲೆ ಒಬ್ಬೊಬ್ಬರದೂ ಒಂದೊಂದು ಡಬ್ಬ ರಾತ್ಲುಕ್, ಅಂದರೆ ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಮೆತ್ತನೆಯ ಮಿಠಾಯಿ. ಮೇಜಿನ ಮೇಲೆ ಆರು ಡಬ್ಬಗಳು ಒಂದರ ಮೇಲೊಂದು ಕೂತವು.

"ತಿನ್ನೇ, ಶಕ್ತಿ ಬರುತ್ತೆ," ಎಂದು ಮಿಲುಂಕಾ ಒಂದು ಡಬ್ಬ ಬಿಚ್ಚಿ ಮುಂದೆ ಹಿಡಿದಳು. ಅವಳ ಕಣ್ಣು ಆಗಲೇ ಒದ್ದೆಯಾಗಿತ್ತು. "ಮುಖ ನೋಡು, ಹೇಗೆ ಬತ್ತಿಹೋಗಿದೆ. ನಮ್ಮಿಂದ ಯಾಕೆ ಮುಚ್ಚಿಡ್ತೀಯಾ?"

"ಅತ್ತಿಗೆ, ನನಗೆ ಸಕ್ಕರೆ ಕಾಯಿಲೆ. ಬೇರೇನೂ ಇಲ್ಲ."

"ಗೊತ್ತು ಗೊತ್ತು. ಒಂದು ಚೂರು ತಿಂದ್ರೆ ಏನಾಗುತ್ತೆ? ಮನೆಗೆ ಬಂದೋರ ಕೈ ತಳ್ಳಬಾರದು."

ರಾದೊಯ್ಕಾಳ ತಾಳ್ಮೆಯ ಕಟ್ಟೆ ಅಲ್ಲಿಗೆ ಒಡೆಯಿತು. "ನಮ್ಮಮ್ಮನ ಕಾಲು ಕತ್ತರಿಸಿದಾಗ ಅವಳ ಮಂಚದ ಪಕ್ಕ ಹದಿನಾಲ್ಕು ಡಬ್ಬ ಇತ್ತು ಅತ್ತಿಗೆ! ನಾನೇ ಎಣಿಸಿದ್ದೆ. ಯಾರ ಕೈಯನ್ನೂ ತಳ್ಳಬಾರದು ಅಂತ ಒಂದೊಂದನ್ನೂ ತಿಂದಳು. ಪ್ರೀತಿಯಿಂದ ತಂದ್ರಿ, ಸರಿ. ಆ ಪ್ರೀತಿನೇ ಅವಳನ್ನ ತಿಂದುಹಾಕ್ತು. ತಗೊಂಡು ಹೋಗಿ. ಎಲ್ಲಾನೂ ತಗೊಂಡು ಹೋಗಿ!"

ಆರು ಡಬ್ಬಗಳನ್ನೂ ಬಾಚಿ ಮಿಲುಂಕಾಳ ತೋಳಿಗೆ ತುಂಬಿದಳು. ಹೆಂಗಸರು ಕಾಫಿಯನ್ನೂ ಕುಡಿಯದೆ ಎದ್ದರು. ಆ ಊರಿನಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ರಾದೊಯ್ಕಾ ಬಾಗಿಲು ಮುಚ್ಚಿದಳು, ಅವರನ್ನು ವಾಪಸ್ಸು ಕರೆಯಲಿಲ್ಲ.

ಊರು ಮುಖ ತಿರುಗಿಸಿತು. ಅಂಗಡಿಯಲ್ಲಿ ಅವಳು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಸಂಜೆ ಸಂಜೆ ಕಾಫಿಗೆ ಬರುತ್ತಿದ್ದ ಮಿಲುಂಕಾ ಆರು ವಾರ ಹೊಸಿಲು ತುಳಿಯಲಿಲ್ಲ. ತಿಖೋಮಿರ್ ಮಾತ್ರ ಪಾಪ, ಮಧ್ಯೆ ಸಿಕ್ಕಿ ಒದ್ದಾಡಿದ. ರಾದೊಯ್ಕಾಗೆ ನೋವಾಗಲಿಲ್ಲವೆಂದರೆ ಸುಳ್ಳು. ದಿಬ್ಬದ ಮೇಲೆ ಎಷ್ಟೋ ಬೆಳಿಗ್ಗೆ ಅತ್ತುಕೊಂಡೇ ನಡೆದಳು. ಆದರೆ ನಡೆದಳು. ಮಂಜು ಬಿದ್ದ ದಿನ ಗಂಡನ ರಬ್ಬರ್ ಬೂಟು ಹಾಕಿಕೊಂಡು ನಡೆದಳು.

ಡಿಸೆಂಬರಿನಲ್ಲಿ ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿದರು. "ಏಳು ಪಾಯಿಂಟ್ ಒಂದು! ಏನು ಮಾಡಿದ್ರಿ?"

"ಊರಿನ ಜೊತೆ ಜಗಳ ಮಾಡಿದೆ," ಎಂದಳು ರಾದೊಯ್ಕಾ.

ಮಾತ್ರೆ ಹಾಗೇ ಮುಂದುವರಿಯಲಿ, ನಡಿಗೆಯೂ ಮುಂದುವರಿಯಲಿ ಎಂದು ಹೇಳಿ ಕಳಿಸಿದರು. ಮರುದಿನ ಅವಳು ಚರ್ಚಿನ ಹಿಂದಿನ ದಾರಿ ಬಿಟ್ಟಳು. ಊರೆಲ್ಲ ಬ್ರೆಡ್ಡಿಗೆ ಸೇರುವ ಎಂಟು ಗಂಟೆಗೆ, ಅಂಗಡಿಯ ಮುಂದಿನ ದೊಡ್ಡ ರಸ್ತೆಯಲ್ಲೇ, ಎರಡೂ ಕೈ ಬೀಸಿಕೊಂಡು ಹೋಗಬೇಕೆಂದು ಹೊರಟಳು.

ಗೇಟಿನ ಹತ್ತಿರ ಮಿಲುಂಕಾ ನಿಂತಿದ್ದಳು. ಕೈಯಲ್ಲಿ ಖಾಲಿ ಕ್ಯಾನು.

"ನೀರಿಗೆ ಹೊರಟಿದ್ದೆ," ಎಂದಳು, ಬೇರೆ ಕಡೆ ನೋಡುತ್ತಾ.

"ನಿಮ್ಮ ಮನೇಲಿ ನಲ್ಲಿ ಇಲ್ವಾ?"

"ಇದೆ." ಮಿಲುಂಕಾ ಕ್ಯಾನಿನ ಹಿಡಿಯನ್ನು ತಿರುವಿದಳು. "ಬಲಗಾಲಿನ ಎರಡು ಬೆರಳು ಜೋಮು ಹಿಡಿದ ಹಾಗಿದೆ ಕಣೇ. ಬೇಸಿಗೆಯಿಂದಲೂ ಇದೆ. ಯಾರಿಗೂ ಹೇಳಿಲ್ಲ. ಆ ಡಬ್ಬಗಳು... ಒಂದು ಚೂರನ್ನೂ ಬಾಯಿಗೆ ಹಾಕಿಲ್ಲ ನಾನು."

ರಾದೊಯ್ಕಾ ಅವಳ ಕಾಲು ನೋಡಿದಳು, ಆಮೇಲೆ ಮುಖ. ಬೈಯಬೇಕೆಂದು ಆರು ವಾರ ಕೂಡಿಟ್ಟ ಮಾತೆಲ್ಲ ಕರಗಿಹೋಯಿತು. "ನಾಳೆ ಮೊದಲ ಬಸ್ಸಿಗೆ ಡಾಕ್ಟರಮ್ಮನ ಹತ್ರ ಹೋಗೋಣ. ನಾನೇ ಕರ್ಕೊಂಡು ಹೋಗ್ತೀನಿ. ಇವತ್ತು ಅಂಗಡಿ ತನಕ ಬನ್ನಿ, ನಿಧಾನಕ್ಕೆ." ಎಂದವಳೇ ಕ್ಯಾನು ಕಿತ್ತುಕೊಂಡು, ಬೀದಿಗೆಲ್ಲ ಕಾಣುವಂತೆ ಗೇಟಿನ ಕಂಬದ ಮೇಲೆ ಕವುಚಿ ಹಾಕಿದಳು.

"ಅಯ್ಯೋ, ಬರಿಗೈಲಾ? ಜನ ನೋಡ್ತಾರೆ!"

"ನೋಡ್ಲಿ."

ಅಂಗಡಿಯ ಮುಂದೆ ಜನ ಬ್ರೆಡ್ಡಿಗೆ ನಿಂತಿದ್ದರು. ಇಬ್ಬರು ಹೆಂಗಸರು ಕೈ ಬೀಸಿಕೊಂಡು ಬರುವುದನ್ನು ಕಂಡು ಒಬ್ಬ ಗಂಡಸು ಸತ್ತವರಿಗೆ ಮರ್ಯಾದೆಯೆಂದು ಟೋಪಿ ತೆಗೆದೇಬಿಟ್ಟ. "ಏನಮ್ಮಾ, ಇಬ್ಬಿಬ್ರು ಹೊರಟಿದ್ದೀರಾ! ಯಾರು ಸತ್ರು?"

ರಾದೊಯ್ಕಾ ಬಾಯಿ ತೆರೆಯುವ ಮೊದಲೇ ಮಿಲುಂಕಾ, ಆ ಊರಿನ ಸುದ್ದಿಯನ್ನೆಲ್ಲ ನಲವತ್ತು ವರ್ಷ ಸಾಕಿದ ಮಿಲುಂಕಾ, ಸೆಟೆದು ನಿಂತಳು.

"ಯಾರೂ ಸತ್ತಿಲ್ಲ ಕಣಯ್ಯಾ! ಟೋಪಿ ಹಾಕ್ಕೋ. ನಾವಿಬ್ರೂ ಇಷ್ಟು ಬೇಗ ಸಾಯಲ್ಲ ಅಂತ ಹೊರಟಿದ್ದೀವಿ."

ಅವನು ಟೋಪಿ ಹಾಕಿಕೊಂಡ. ಅವರಿಬ್ಬರೂ ನಡೆದರು.