ಶಮೀಮಾಳ ಉಂಗುರ ಯಾಕೆ ಬಿಳಿಚಿತು?

ಬಂಗಾರದ ಒಡವೆ ಬಣ್ಣಗೆಟ್ಟರೆ ನಾವು ಮೊದಲು ಬೈಯುವುದು ಯಾರನ್ನು? ಮಾಡಿಕೊಟ್ಟ ಆಚಾರಿಯನ್ನು. ಹೂಡೆ ಊರಿನ ಝೈನಬ್ ಕೂಡ ಅದನ್ನೇ ಮಾಡಿದರು.

ಝೈನಬ್ ಅವರ ಮನೆ ಹೊಳೆಯ ಬದಿಯಲ್ಲಿದೆ. ಮಗ ಇರ್ಫಾನ್ ಶಾರ್ಜಾದಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಮನೆಯಲ್ಲಿ ಸೊಸೆ ಶಮೀಮಾ ಮತ್ತು ಪುಟ್ಟ ಮೊಮ್ಮಗ ಫಾಝಿಲ್. ಅತ್ತೆ ಸೊಸೆ ಅಂದರೆ ಹಾವು ಮುಂಗುಸಿ ಎನ್ನುವವರು ಈ ಮನೆಗೊಮ್ಮೆ ಬಂದು ನೋಡಬೇಕು. ಹೆಣ್ಣುಮಕ್ಕಳಿಲ್ಲದ ಝೈನಬ್ ಸೊಸೆಯನ್ನೇ ಮಗಳೆಂದುಕೊಂಡವರು. ಮೀನು ಸಾರಿನ ದೊಡ್ಡ ತುಂಡು ಯಾವಾಗಲೂ ಶಮೀಮಾಳ ತಟ್ಟೆಗೇ ಬೀಳುತ್ತಿತ್ತು.

ಇರ್ಫಾನ್ ಹಬ್ಬಕ್ಕೆ ಊರಿಗೆ ಬರುವವನಿದ್ದ. ಮಗ ಹುಟ್ಟಿದ ಮೇಲೆ ಬರುವುದು ಇದೇ ಮೊದಲು. ಅಪ್ಪನ ಮುಖವನ್ನು ಫಾಝಿಲ್ ಮೊಬೈಲಿನಲ್ಲಿ ಮಾತ್ರ ನೋಡಿದ್ದ. ಗಂಡ ಬರುವ ಸುದ್ದಿ ಬಂದಾಗಿನಿಂದ ಶಮೀಮಾಳ ಮುಖ ದಿನದಿಂದ ದಿನಕ್ಕೆ ಬೆಳ್ಳಗಾಗುತ್ತಿತ್ತು. ನೆರೆಕರೆಯವರು ಛೇಡಿಸಿದರೆ ಝೈನಬ್ ಬೀಗುತ್ತಿದ್ದರು. "ದೃಷ್ಟಿ ಹಾಕ್ಬೇಡಿ ಮಾರಾಯ್ರೆ" ಎನ್ನುತ್ತಿದ್ದರು.

ಆದರೆ ಬೆಳಿಗ್ಗೆ ಏಳುವಾಗ ಸೊಸೆಯ ಕಣ್ಣಿನ ಸುತ್ತ ಊದಿಕೊಂಡಿರುತ್ತಿತ್ತು. ಸಂಜೆಯ ಹೊತ್ತಿಗೆ ಪಾದ ದಪ್ಪವಾಗುತ್ತಿತ್ತು. ಮೈ ತುಂಬಿಕೊಳ್ಳುತ್ತಿದ್ದಾಳೆ ಎಂದು ಅತ್ತೆ ಖುಷಿಪಟ್ಟರು. ಪಾಪ, ಪ್ರೀತಿಗೆ ಕಣ್ಣಿಲ್ಲ.

ಒಂದು ದಿನ ಶಮೀಮಾಳ ಬೆರಳಿನ ಉಂಗುರ ಬಿಗಿಯಾಗಿ ಕಚ್ಚಿಕೊಂಡಿತು. ನಿಖಾದ ದಿನ ಇರ್ಫಾನ್ ವಧುವಿಗೆ ಕೊಡುವ ಮಹರ್ ಆಗಿ ಕೊಟ್ಟ ಉಂಗುರ ಅದು. ಝೈನಬ್ ತೆಂಗಿನೆಣ್ಣೆ ಹಚ್ಚಿ, ಸೊಸೆ "ಆವ್" ಎಂದಾಗೆಲ್ಲ ಬೆರಳಿಗೆ ಊದುತ್ತಾ, ಮೆಲ್ಲಗೆ ತಿರುಗಿಸಿ ಹೊರತೆಗೆದರು. ಬೆಳಕಿಗೆ ಹಿಡಿದು ನೋಡಿದರೆ ಉಂಗುರ ಅಲ್ಲಲ್ಲಿ ಬಿಳಿಚಿತ್ತು, ಬಂಗಾರದ ಮೇಲೆ ಬೆಳ್ಳಿ ಬಳಿದ ಹಾಗೆ.

"ನಮಗೆ ಟೋಪಿ ಹಾಕಿದ್ದಾರೆ!" ಎಂದು ಝೈನಬ್ ಉಂಗುರವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಕೆಮ್ಮಣ್ಣು ಪೇಟೆಯ ಬಸ್ಸು ಹತ್ತಿದರು.

ಉಂಗುರ ಮಾಡಿಕೊಟ್ಟ ವಾದಿರಾಜ ಆಚಾರ್ಯರು ಬೈಗುಳವನ್ನೆಲ್ಲ ಕೇಳಿಸಿಕೊಂಡರು. ಉಂಗುರವನ್ನು ಒರೆಗಲ್ಲಿಗೆ ಉಜ್ಜಿ ನೋಡಿದರು. "ಬಂಗಾರ ಶುದ್ಧ ಉಂಟು ಝೈನಬಕ್ಕ. ಇದಕ್ಕೆ ಪಾದರಸ ತಾಗಿದೆ. ಪಾದರಸ ತಾಗಿದ್ರೆ ಬಂಗಾರ ಹೀಗೇ ಬಿಳಿ ಆಗ್ತದೆ. ಮನೆಯಲ್ಲಿ ಜ್ವರ ನೋಡುವ ಕಡ್ಡಿ ಎಂತಾದ್ರೂ ಒಡೆದಿತ್ತಾ?"

"ಇಲ್ಲಪ್ಪ. ಮನೆಯಲ್ಲಿ ಅಂಥದ್ದು ಇಲ್ಲವೇ ಇಲ್ಲ."

"ಹಾಗಾದ್ರೆ ಎಲ್ಲಿಂದ ಬಂತು ಅಂತ ಮೊದಲು ಹುಡುಕಿ. ಅದು ಒಳ್ಳೇದಲ್ಲ. ನೀವಾಗಿ ಬೆಂಕಿಗೆ ಹಿಡಿಯಲಿಕ್ಕೆ ಮಾತ್ರ ಹೋಗ್ಬೇಡಿ, ಅದರ ಹೊಗೆ ವಿಷ."

ಝೈನಬ್‌ಗೆ ಅರ್ಧ ಕೋಪ ಇಳಿಯಿತು, ಇನ್ನರ್ಧ ಗೊಂದಲವಾಯಿತು. ಮನೆಗೆ ಬಂದರೆ ಜಗಲಿಯಲ್ಲಿ ಒಲಿಂಡಾ ಬಾಯಿ ಕೂತಿದ್ದರು. ಒಲಿಂಡಾ ಆ ಊರಿನ ಆಶಾ ಕಾರ್ಯಕರ್ತೆ. ಫಾಝಿಲ್‌ನ ಲಸಿಕೆಯ ದಿನ ತಿಳಿಸಲು ಬಂದವರು. ಎರಡು ಮನೆಗೂ ತುಂಬ ವರ್ಷದ ಬಳಕೆ. ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿ ಈ ಕಡೆಗೆ ಬಂದರೆ, ಹಬ್ಬಕ್ಕೆ ಬಿರಿಯಾನಿ ಆ ಕಡೆಗೆ ಹೋಗುತ್ತದೆ.

ಒಲಿಂಡಾ ಮಾತಾಡುತ್ತಲೇ ಶಮೀಮಾಳ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯಿತು.

"ಇದು ಎಷ್ಟು ದಿನದಿಂದ? ಮೂತ್ರದಲ್ಲಿ ನೊರೆ ಬರ್ತದಾ ಮಗಾ?"

ಶಮೀಮಾ ತಲೆ ತಗ್ಗಿಸಿದಳು. "ಹ್ಞಾಂ, ಸೋಪಿನ ನೊರೆ ಹಾಗೆ ಬರ್ತದೆ. ಯಾರಿಗೆ ಹೇಳುವುದು ಅಂತ ಸುಮ್ಮನಿದ್ದೆ."

ಆಗ ಝೈನಬ್ ಆಚಾರ್ಯರ ಮಾತನ್ನು ತಮಾಷೆಯ ಹಾಗೆ ಹೇಳತೊಡಗಿದರು. ಪಾದರಸವಂತೆ, ನಮ್ಮ ಮನೆಯಲ್ಲಂತೆ! ಒಲಿಂಡಾ ನಗಲಿಲ್ಲ.

"ಶಮೀಮಾ, ಮುಖಕ್ಕೆ ಎಂತ ಹಚ್ತೀಯ?"

"ಎಂತ ಇಲ್ಲ ಬಾಯಿ. ಪೌಡರ್ ಮಾತ್ರ."

"ಅವಳಿಗೆ ಅದೆಲ್ಲ ಬೇಡ" ಎಂದು ಝೈನಬ್ ಸೊಸೆಯ ಪರ ನಿಂತರು. "ತಲೆನೋವು ಅಂತ ಸಂಜೆ ಸ್ವಲ್ಪ ಬಾಮ್ ಹಚ್ತಾಳೆ, ಅಷ್ಟೆ."

ಹಾಗೆ ಹೇಳುವಾಗಲೇ ಅವರಿಗೆ ಮೊನ್ನೆಯದು ನೆನಪಾಯಿತು. ಮೊಣಕಾಲು ನೋವಿಗೆಂದು ಅದೇ ಡಬ್ಬಿಯಿಂದ ಒಂದಿಷ್ಟು ತೆಗೆದು ತಿಕ್ಕಿಕೊಂಡಿದ್ದರು. ಉರಿಯೂ ಇರಲಿಲ್ಲ, ಬಾಮಿನ ಘಾಟೂ ಇರಲಿಲ್ಲ. ಈಗಿನ ಕಾಲದ ಬಾಮೂ ನೀರು ಎಂದು ಗೊಣಗಿ ಸುಮ್ಮನಾಗಿದ್ದರು.

ಝೈನಬ್ ಎದ್ದು ಒಳಗೆ ಹೋಗಿ ಡಬ್ಬಿ ತಂದರು. ಮುಚ್ಚಳ ತೆಗೆದು ಮೂಸಿದರು. ಗುಲಾಬಿಯ ಪರಿಮಳ!

ಶಮೀಮಾಳ ಕಣ್ಣಿಂದ ನೀರು ಇಳಿಯಿತು. "ಕ್ಷಮಿಸಿ ಉಮ್ಮಾ. ಇದು ಬಿಳಿ ಆಗುವ ಕ್ರೀಮು. ನಿಮ್ಮ ಮಗನೇ ಪಾರ್ಸೆಲ್‌ನಲ್ಲಿ ಕಳಿಸಿದ್ದು. ಹಚ್ಚಿ ಬಿಳಿ ಆದವಳು ಅಂತ ಯಾರಿಗೂ ಗೊತ್ತಾಗಬಾರದು ಅಂತ ಬಾಮ್ ಡಬ್ಬಿಗೆ ತುಂಬಿಸಿಟ್ಟೆ. ಉಚ್ಚಿಲದ ಮದುವೆಯಲ್ಲಿ ಒಬ್ಬರು ಹೇಳಿದ್ರು, ಇರ್ಫಾನ್ ಬಂದು ನೋಡಿದ್ರೆ ನಿನ್ನ ಗುರುತೇ ಸಿಗ್ಲಿಕ್ಕಿಲ್ಲ, ಅಷ್ಟು ಕಪ್ಪಾಗಿದ್ದೀ ಅಂತ."

ಕ್ರೀಮಿನ ಖಾಲಿ ಪೆಟ್ಟಿಗೆ ಸೀರೆಗಳ ಅಡಿಯಲ್ಲಿತ್ತು. ಒಲಿಂಡಾ ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ಓದಿದರು. ಮಾಡಿದವರ ವಿಳಾಸವಿಲ್ಲ, ಒಳಗೆ ಏನೇನು ಹಾಕಿದ್ದಾರೆಂದು ಬರೆದಿಲ್ಲ. ಅಡಿಯಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಮಾತ್ರ ಇತ್ತು: ಚಿನ್ನ, ಬೆಳ್ಳಿಗೆ ತಾಗಿಸಬೇಡಿ.

"ನೋಡಿ ಝೈನಬಕ್ಕ, ಚಿನ್ನಕ್ಕೆ ತಾಗಬಾರದಂತೆ. ಮನುಷ್ಯರ ಮುಖಕ್ಕೆ ಹಚ್ಚಬಹುದಂತೆ!"

"ಆದ್ರೆ ಗಲ್ಫ್‌ನ ಸಾಮಾನು ಅಲ್ವಾ ಬಾಯಿ? ಅಲ್ಲಿಯ ಸಾಮಾನು ಕೆಟ್ಟದಾಗ್ತದಾ? ನಮ್ಮ ಇರ್ಫಾನ್ ಕಳಿಸಿದ್ದು ಮತ್ತೆ."

"ಇರ್ಫಾನ್ ಪ್ರೀತಿಯಿಂದಲೇ ಕಳಿಸಿದ್ದಾನೆ. ಅವನಿಗೂ ಗೊತ್ತಿಲ್ಲ. ಇಂಥದ್ದು ಎಲ್ಲೋ ತಯಾರಾಗಿ ಎಲ್ಲ ಊರಿನಲ್ಲೂ ಕದ್ದು ಮಾರಾಟ ಆಗ್ತದೆ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅಕ್ಕ. ಪಾದರಸ ಹಾಕಿದ ಕ್ರೀಮು ಬೇಗ ಬಿಳಿ ಮಾಡ್ತದೆ. ಆದ್ರೆ ಅದು ಚರ್ಮದಿಂದ ಒಳಗೆ ಇಳಿದು ಕಿಡ್ನಿಗೆ ಹೋಗ್ತದೆ. ಹಚ್ಚಿದವರಿಗೆ ಮಾತ್ರ ಅಲ್ಲ, ತಾಯಿಯ ಕೆನ್ನೆಯಿಂದ ಮಗುವಿಗೂ ತಾಗ್ತದೆ."

ಫಾಝಿಲ್ ಆಗ ತಾಯಿಯ ಹೆಗಲ ಮೇಲಿದ್ದ. ಅವಳ ಕೆನ್ನೆಗೆ ಕೆನ್ನೆ ಒತ್ತದೆ ಅವನಿಗೆ ನಿದ್ದೆ ಬರುವುದಿಲ್ಲ. ಶಮೀಮಾ ಬೆಚ್ಚಿ ಮಗುವನ್ನು ಅತ್ತೆಯ ಕೈಗೆ ಕೊಟ್ಟಳು. ಹಿತ್ತಲಿಗೆ ಓಡಿ ಸೋಪು ಹಾಕಿ ಮುಖ ತೊಳೆದಳು, ಅಳುತ್ತಾ ಮತ್ತೆ ಮತ್ತೆ ತೊಳೆದಳು.

ಝೈನಬ್ ಅವಳ ಹಿಂದೆ ಹೋಗಿ ಸೆರಗಿನಿಂದ ಮುಖ ಒರೆಸಿದರು. "ಸಾಕು ಮಗಳೇ. ನನಗೆ ಹೇಳಿದ್ರೆ ನಾನು ಬೈತಿದ್ದೆನಾ? ನಡಿ, ಆಸ್ಪತ್ರೆಗೆ ಹೋಗುವ."

ಮರುದಿನವೇ ಮಣಿಪಾಲಕ್ಕೆ ಹೋದರು. ಒಲಿಂಡಾ ಕ್ರೀಮಿನ ಡಬ್ಬಿಯನ್ನೂ ಪೆಟ್ಟಿಗೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತಂದಿದ್ದರು. ಮೂತ್ರ ಮತ್ತು ರಕ್ತದ ಪರೀಕ್ಷೆಯಾಯಿತು. ಕಿಡ್ನಿ ಸೋರುತ್ತಿತ್ತು. ಮೈಗೆ ಬೇಕಾದ ಪ್ರೋಟೀನು ಮೂತ್ರದಲ್ಲಿ ಹೋಗುತ್ತಿತ್ತು. ಶಮೀಮಾಳ ಮೈಯಲ್ಲಿ ಪಾದರಸ ಮಿತಿ ಮೀರಿತ್ತು. ಮಗುವಿನ ಪರೀಕ್ಷೆಯ ವರದಿ ಬರುವವರೆಗೆ ಝೈನಬ್ ಅವನನ್ನು ಮಡಿಲಿನಿಂದ ಇಳಿಸಲಿಲ್ಲ. ಪುಣ್ಯಕ್ಕೆ ಮಗುವಿಗೆ ತೊಂದರೆಯಾಗಿರಲಿಲ್ಲ.

"ಹೊತ್ತಿಗೆ ಸರಿಯಾಗಿ ಬಂದಿದ್ದೀರಿ" ಎಂದರು ವೈದ್ಯೆ. "ಕ್ರೀಮು ನಿಲ್ಲಿಸಿ ಔಷಧ ತಗೊಂಡ್ರೆ ಹೆಚ್ಚಿನವರಿಗೆ ಕಿಡ್ನಿ ಸುಧಾರಿಸ್ತದೆ. ಆದ್ರೆ ತಪಾಸಣೆಗೆ ತಪ್ಪಿಸಬೇಡಿ. ಇನ್ನೊಂದು ವಿಷಯ, ಕ್ರೀಮು ಬಿಟ್ಟ ಮೇಲೆ ಮುಖ ಸ್ವಲ್ಪ ಸಮಯ ಮೊದಲಿಗಿಂತ ಕಪ್ಪಾಗಬಹುದು. ಹೆದರಿ ಮತ್ತೆ ಹಚ್ಚಬೇಡಿ."

ವೈದ್ಯೆ ಹೇಳಿದ ಹಾಗೆಯೇ ಆಯಿತು. ಬಾವು ಮೆಲ್ಲಗೆ ಇಳಿಯಿತು, ಆದರೆ ಕೆನ್ನೆಯ ಮೇಲೆ ಕಪ್ಪು ಕಲೆ ಎದ್ದಿತು. ಇರ್ಫಾನ್ ವಿಡಿಯೋ ಕಾಲ್ ಮಾಡಿದರೆ ಶಮೀಮಾ ನೆಟ್ ಇಲ್ಲ ಎಂದು ಕ್ಯಾಮೆರಾ ಮುಚ್ಚುತ್ತಿದ್ದಳು. ಝೈನಬ್ ಎರಡು ದಿನ ನೋಡಿದರು. ಮೂರನೆಯ ದಿನ ತಾವೇ ಮಗನಿಗೆ ಫೋನ್ ಮಾಡಿ, ಉಂಗುರದಿಂದ ಆಸ್ಪತ್ರೆಯವರೆಗಿನ ಕಥೆಯನ್ನೆಲ್ಲ ಹೇಳಿದರು.

ಹಬ್ಬದ ಮುಂಚಿನ ದಿನ ಇರ್ಫಾನ್ ಬಂದ. ಶಮೀಮಾ ಬಾಗಿಲ ಮರೆಯಲ್ಲೇ ನಿಂತಿದ್ದಳು, ಮುಖದ ಅರ್ಧಕ್ಕೆ ಶಾಲು ಎಳೆದುಕೊಂಡು. ಅವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಅವಳ ಮುಂದೆ ನಿಂತ.

"ಇದೆಂತ, ನನಗೆ ಮುಖ ತೋರಿಸುವುದಿಲ್ವಾ?"

"ಕಪ್ಪಾಗಿದ್ದೇನೆ."

"ಅದಕ್ಕೆ? ನನಗೆ ಬಿಳಿ ಹೆಂಡತಿ ಎಂತಕ್ಕೆ ಮಾರಾಯ್ತಿ? ನೀನು ಬೇಕು ನನಗೆ." ಅವನು ಅವಳ ಕೈ ಹಿಡಿದುಕೊಂಡ. "ನಾನೇ ನನ್ನ ಕೈಯಾರೆ ವಿಷ ಕಳಿಸಿದೆ. ನಮ್ಮ ರೂಮಿನವರೆಲ್ಲ ಅದೇ ಕ್ರೀಮು ಮನೆಗೆ ಕಳಿಸಿದ್ರು, ಅದನ್ನು ನೋಡಿ ನಾನೂ ಕಳಿಸಿದ್ದು. ಉಮ್ಮ ಹೇಳಿದ ದಿನವೇ ಎಲ್ಲರಿಂದ ಊರಿಗೆ ಫೋನ್ ಮಾಡಿಸಿದೆ. ಒಬ್ಬರ ಮನೆಯಲ್ಲಿ ಬಸುರಿ ಹೆಂಗಸು ಹಚ್ಚುತ್ತಿದ್ದಳಂತೆ. ಈಗ ಬಿಟ್ಟಿದ್ದಾಳೆ, ಡಾಕ್ಟರ ಹತ್ತಿರವೂ ಹೋಗಿ ಬಂದಿದ್ದಾಳೆ."

ಫಾಝಿಲ್ ಅಜ್ಜಿಯ ಸೀರೆ ಹಿಡಿದುಕೊಂಡು ಈ ಹೊಸ ಮನುಷ್ಯನನ್ನು ದಿಟ್ಟಿಸಿ ನೋಡಿದ. ಮತ್ತೆ ಓಡಿ ಹೋಗಿ ತಾಯಿಯ ತೋಳೇರಿ, ಅವಳ ಕೆನ್ನೆಗೆ ತನ್ನ ಕೆನ್ನೆ ಒತ್ತಿದ. ಈ ಸಲ ಶಮೀಮಾ ಬೆಚ್ಚಲಿಲ್ಲ. ಶಾಲು ತಾನಾಗಿ ಜಾರಿತು.

ಉಂಗುರವನ್ನು ಆಚಾರ್ಯರು ಸರಿ ಮಾಡಿಕೊಡುತ್ತೇನೆ ಎಂದಿದ್ದರು. ಝೈನಬ್ ಒಪ್ಪಲಿಲ್ಲ. ಅದನ್ನು ಒಂದು ಪುಟ್ಟ ಬಾಟಲಿಯಲ್ಲಿ ಮುಚ್ಚಿಟ್ಟು ತಮ್ಮ ಬಳಿಯೇ ಇರಿಸಿಕೊಂಡಿದ್ದಾರೆ. ಮಹಿಳಾ ಸಂಘದ ಸಭೆಯಿರಲಿ, ಮದುವೆಯ ಮದರಂಗಿ ಹಚ್ಚುವ ಮನೆಯಿರಲಿ, ಬಾಟಲಿ ತೆಗೆದು ತೋರಿಸುತ್ತಾರೆ. "ಬಂಗಾರಕ್ಕೇ ಹೀಗೆ ಆಗಿದೆ ನೋಡಿ. ನಮ್ಮ ಹುಡುಗಿಯರ ಕಿಡ್ನಿ ಬಂಗಾರಕ್ಕಿಂತ ಗಟ್ಟಿಯಾ?"

ಅಕ್ಕಂದಿರೇ, ತಂಗಿಯರೇ, ಗಲ್ಫ್‌ನಲ್ಲಿರುವ ಅಣ್ಣಂದಿರೇ, ಝೈನಬ್ ಅವರ ಈ ಪ್ರಶ್ನೆ ನಮಗೂ ಇರಲಿ. ಇವತ್ತೇ ನಿಮ್ಮ ಕ್ರೀಮಿನ ಡಬ್ಬಿ ತಿರುಗಿಸಿ ಓದಿ. ಮಾಡಿದವರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಒಳಗೆ ಏನಿದೆ ಎಂಬುದು ಬರೆದಿರದಿದ್ದರೆ ಅದು ನಿಮ್ಮ ಮುಖಕ್ಕೆ ಬೇಡ. ಮರ್ಕ್ಯುರಿ, ಕ್ಯಾಲೊಮೆಲ್ ಎಂದಿದ್ದರೆ ಅದು ಪಾದರಸವೇ. ಕೆಲವೇ ದಿನಗಳಲ್ಲಿ ಬಿಳಿ ಮಾಡುತ್ತೇವೆ ಎಂದರೆ ಸಂಶಯಪಡಿ. ಸಂಶಯದ ಕ್ರೀಮನ್ನು ಕಸಕ್ಕೂ ಹೊಳೆಗೂ ಎಸೆಯಬೇಡಿ, ಚೀಲದಲ್ಲಿ ಬಿಗಿದು ಕಟ್ಟಿ ಆರೋಗ್ಯ ಕೇಂದ್ರದಲ್ಲಿ ಕೇಳಿ. ಕಣ್ಣು, ಕಾಲು ಊದಿದರೆ, ಮೂತ್ರದಲ್ಲಿ ನೊರೆ ಬಂದರೆ ಕೂಡಲೇ ವೈದ್ಯರನ್ನು ಕಾಣಿ. ಏನು ಹಚ್ಚಿದ್ದೀರಿ ಎಂದು ನಾಚಿಕೊಳ್ಳದೆ ಹೇಳಿ. ಅವರು ನಿಮ್ಮ ಬಣ್ಣ ಕೇಳುವವರಲ್ಲ, ಪ್ರಾಣ ಉಳಿಸುವವರು.

ಶಮೀಮಾಳಿಗೆ ಅವಳ ಉಂಗುರ ಮೊದಲೇ ಹೇಳಿಬಿಟ್ಟಿತು. ಎಲ್ಲರಿಗೂ ಹಾಗೆ ಹೇಳುವ ಉಂಗುರ ಇರುವುದಿಲ್ಲ. ನಿಮ್ಮ ಮನೆಯ ಹುಡುಗಿ ಬೆಳ್ಳಗಾಗಲು ಹೊರಟಿದ್ದರೆ, ಝೈನಬ್ ಹಾಗೆ ಅವಳ ಮುಖ ಒರೆಸಿ, ನೀನು ಇದ್ದ ಹಾಗೆಯೇ ನಮಗೆ ಬೇಕು ಎಂದು ಈಗಲೇ ಹೇಳಿ.