ಆರ್ನೆ ಸಲ್ಮೆಲನ ಪುಸ್ತಕಗಳು

ಐಲಿಯ ಅಪ್ಪ ಆರ್ನೆ ಸಲ್ಮೆಲ ಎಂಜಿನಿಯರುಗಳ ಕಚೇರಿಯಲ್ಲಿ ಸೇತುವೆಗಳ ಭಾರದ ಲೆಕ್ಕ ಹಾಕುವವನು. ದೊಡ್ಡ ಸರೋವರದ ದಡದಲ್ಲಿರುವ ದುಲೂತ್ ಊರಿನಿಂದ ಉತ್ತರಕ್ಕೆ ಯಾವ ರಸ್ತೆ ಹಿಡಿದು ಹೊರಟರೂ ಅವನು ಲೆಕ್ಕ ಹಾಕಿದ ಒಂದಾದರೂ ಸೇತುವೆ ದಾಟಬೇಕಾಗುತ್ತಿತ್ತು. ಆದರೆ ಯಾವ ನಕ್ಷೆಯ ಮೂಲೆಯಲ್ಲೂ ಅವನ ಹೆಸರಿರಲಿಲ್ಲ. ನಕ್ಷೆಗೆ ಮುದ್ರೆ ಒತ್ತಲು ರಾಜ್ಯದ ಪರವಾನಗಿ ಬೇಕು, ಪರವಾನಗಿ ಸಿಗಲು ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆಗೆ ಕೂತು ಕೂತು ಆರ್ನೆಯ ತಲೆಯೆಲ್ಲ ನರೆತಿತ್ತು. ಅವನ ಪಕ್ಕದಲ್ಲಿ ಕೂತು ಕೆಲಸ ಕಲಿತ ಹುಡುಗರು ಈಗ ಅವನ ನಕ್ಷೆಗಳಿಗೇ ಮುದ್ರೆ ಒತ್ತುತ್ತಿದ್ದರು.

ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಕಳೆದ ಬೇಸಿಗೆಯಲ್ಲಿ ಕಚೇರಿ ಬೇರೆಯವರ ಕೈಗೆ ಹೋಯಿತು. ಮುಂದಿನ ವರ್ಷ ಮುಗಿಯುವುದರೊಳಗೆ ಪರವಾನಗಿ ಪಡೆಯದವರು ಸೇತುವೆ ವಿಭಾಗದಲ್ಲಿ ಇರುವಂತಿಲ್ಲ ಎಂದು ಹೊಸ ಮಾಲೀಕರು ಹೇಳಿಬಿಟ್ಟರು. ಅಂಥವರಿಗೆ ಹಳೆಯ ನಕ್ಷೆಗಳನ್ನು ಜೋಡಿಸಿಡುವ ಕೆಲಸವಂತೆ, ನೆಲಮಾಳಿಗೆಯಲ್ಲಿ.

ಅದು ಪುಸ್ತಕ ನೋಡಿ ಬರೆಯುವ ಪರೀಕ್ಷೆ. ಹಾಗೆಂದರೆ ಸುಲಭ ಎಂದು ಹೊರಗಿನವರು ನಗುತ್ತಾರೆ. ಒಂದೊಂದು ಪ್ರಶ್ನೆಗೆ ಸಿಗುವ ಹೊತ್ತು ಎಷ್ಟು ಕಡಿಮೆಯೆಂದರೆ, ಬೇಕಾದ ಕೋಷ್ಟಕ ಯಾವ ಪುಸ್ತಕದ ಯಾವ ಪುಟದಲ್ಲಿದೆ ಎಂದು ಕೈಗೇ ಗೊತ್ತಿರಬೇಕು. ಅದಕ್ಕೇ ಜನ ತಿಂಗಳುಗಟ್ಟಲೆ ಪುಸ್ತಕಗಳನ್ನು ಸಿದ್ಧಮಾಡುತ್ತಾರೆ: ಪುಟದ ಅಂಚಿಗೆ ಬಣ್ಣದ ಚೀಟಿ ಅಂಟಿಸುತ್ತಾರೆ, ದಪ್ಪ ಪುಸ್ತಕವನ್ನು ಸೀಳಿ ಎರಡು ಮಾಡಿ ಬೈಂಡ್ ಮಾಡಿಸುತ್ತಾರೆ, ಬಿಡಿ ಹಾಳೆಗಳನ್ನು ರಿಂಗ್ ಫೈಲಿಗೆ ಏರಿಸುತ್ತಾರೆ. ಒಂದು ಹಾಳೆ ಸಡಿಲವಾಗಿದ್ದರೂ ಒಳಗೆ ಬಿಡುವುದಿಲ್ಲ.

ಪ್ರತಿ ಸಲ ಫೇಲಾದಾಗಲೂ ಆರ್ನೆಗೆ ಕಾರಣ ಗೊತ್ತಿರುತ್ತಿತ್ತು. "ಮಣ್ಣಿನ ಆ ಪುಸ್ತಕ ಒಂದು ನನ್ನ ಹತ್ರ ಇದ್ದಿದ್ರೆ," ಅನ್ನುತ್ತಿದ್ದ. ಮುಂದಿನ ಸಲ ಮಣ್ಣಿನ ಪುಸ್ತಕ ಬರುತ್ತಿತ್ತು. ಆಗ ನೀರಿನ ಪುಸ್ತಕ ಇಲ್ಲದ್ದು ಗೊತ್ತಾಗುತ್ತಿತ್ತು. ಹೀಗೆ ಊಟದ ಮೇಜು, ಸೋಫಾ, ಕೊನೆಗೆ ಹೊಲಿಗೆ ಯಂತ್ರದ ಮೇಲೂ ಪುಸ್ತಕಗಳು ಕೂತವು.

"ಈ ಮನೇಲಿ ಕೂರೋಕೆ ಜಾಗ ಬೇಕಂದ್ರೆ ನಾನೂ ಒಂದು ಬಣ್ಣದ ಚೀಟಿ ಅಂಟಿಸ್ಕೋಬೇಕು," ಎಂದು ಅಮ್ಮ ವಿವಿಯನ್ ಹೇಳುತ್ತಿದ್ದಳು. "ಆಗಲಾದ್ರೂ ನಿನ್ನ ಕಣ್ಣಿಗೆ ಬೀಳ್ತೀನೇನೋ."

"ನಿನ್ನನ್ನ ಹುಡುಕೋಕೆ ಚೀಟಿ ಯಾಕೆ? ನಿನ್ನ ದನಿ ಸಾಕು," ಅನ್ನುತ್ತಿದ್ದ ಆರ್ನೆ. ಆಗ ಇಬ್ಬರೂ ಇನ್ನೂ ನಗುತ್ತಿದ್ದರು.

ಐಲಿ ಶಾಲೆ ಬಿಟ್ಟಿದ್ದು ಹದಿನಾರಕ್ಕೆ. ತರಗತಿಯಲ್ಲಿ ಎದ್ದು ನಿಂತು ಓದು ಎಂದರೆ ಅವಳಿಗೆ ಜೀವ ಹೋದಂತಾಗುತ್ತಿತ್ತು. ಈಗ ಆಸ್ಪತ್ರೆಯ ಬಟ್ಟೆ ಮಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ, ಅದೇ ಅವಳಿಗೆ ಹಿತ. ಅವಳ ಕೈ ಅಚ್ಚುಕಟ್ಟು. ಈ ಸಲ ಚೀಟಿ ಅಂಟಿಸುವ ಕೆಲಸ ಅಪ್ಪ ಅವಳಿಗೇ ಬಿಟ್ಟ. ಕಿತ್ತುಬರುವ ಚೀಟಿಗೆ ಪರೀಕ್ಷೆಯಲ್ಲಿ ಅನುಮತಿ ಇಲ್ಲ ಎಂದು ಅವಳು ಪ್ರತಿ ಚೀಟಿಗೂ ಎರಡೂ ಬದಿಗೆ ಪಾರದರ್ಶಕ ಟೇಪು ಹಾಕಿ ಉಗುರಿನಿಂದ ತೀಡುತ್ತಿದ್ದಳು. ಉಕ್ಕಿಗೆ ನೀಲಿ, ಕಾಂಕ್ರೀಟಿಗೆ ಹಸಿರು, ಮಣ್ಣಿಗೆ ಕಂದು. ಚೀಟಿಯ ಮೇಲಿನ ಅಕ್ಷರ ಅಚ್ಚು ಹಾಕಿದ ಹಾಗೆ. ತನ್ನಿಂದ ಯಾರಿಗೋ ಉಪಯೋಗವಾಗುತ್ತಿದೆ ಎಂದು ಅವಳಿಗೆ ಮೊದಲ ಸಲ ಅನ್ನಿಸಿತ್ತು.

ಆ ಚಳಿಗಾಲದಲ್ಲಿ ಇನ್ನೊಂದು ಸಂಗತಿ ಆಯಿತು. ಪರೀಕ್ಷೆ ನಡೆಸುವವರು ಸೇತುವೆ ನಿಯಮಗಳ ಹೊಸ ಆವೃತ್ತಿಯೇ ಬೇಕೆಂದರು. ಹೊಸದರಲ್ಲಿ ಪುಟಗಳೆಲ್ಲ ಮುಂದೆ ಸರಿದಿದ್ದವು. ಆರ್ನೆ ವರ್ಷಗಳಿಂದ ತಾನೇ ಬರೆದುಕೊಂಡು ಬಂದಿದ್ದ ಪದಸೂಚಿಯ ಒಂದು ಪುಟಸಂಖ್ಯೆಯೂ ಉಪಯೋಗಕ್ಕೆ ಬರಲಿಲ್ಲ. ಅವನು ಎದೆಗುಂದಲಿಲ್ಲ. ಕಚೇರಿಯಿಂದ ಬಂದು, ಕೋಟು ಬಿಚ್ಚುವ ಮೊದಲೇ ಮೇಜಿನ ಮುಂದೆ ಕೂತು, ಅಕಾರದಿಂದ ಸೂಚಿ ಬರೆಯಲು ಶುರುಮಾಡುತ್ತಿದ್ದ. ಸರೋವರದ ಮೇಲೆ ಮಂಜುಗಡ್ಡೆ ಕಟ್ಟಿತು, ಬಿರಿಯಿತು, ಸೂಚಿ ಮುಗಿಯಲಿಲ್ಲ. ಅಭ್ಯಾಸದ ಲೆಕ್ಕಗಳ ಪುಸ್ತಕ ಮಾತ್ರ ಕಿಟಕಿಯ ಬಳಿ ಹಾಗೇ ಇತ್ತು. ಅದರ ಮೇಲೆ ಅಮ್ಮ ಕಾಫಿ ಡಬ್ಬ ಇಡತೊಡಗಿದ್ದಳು. ಐಲಿ ಅದನ್ನು ದಿನಾ ನೋಡುತ್ತಿದ್ದಳು.

ಒಂದು ದಿನ ಧೈರ್ಯ ಮಾಡಿ ಕೇಳಿದಳು. "ಅಪ್ಪಾ, ಲೆಕ್ಕ ಯಾವಾಗ ಮಾಡ್ತೀಯಾ?"

"ಇದು ಮುಗೀಲಿ ಮಗಳೇ. ಆಯುಧ ಮಸೆಯದೆ ಮರ ಕಡಿಯೋಕೆ ಹೋಗ್ತಾರಾ?"

"ಮಸೆದೂ ಮಸೆದೂ ಕೊಡಲಿಯೇ ಸವೆದುಹೋಯ್ತು," ಅಂದಳು ಅಮ್ಮ ಒಲೆಯ ಹತ್ತಿರದಿಂದ. ಆರ್ನೆ ಈ ಸಲ ನಗಲಿಲ್ಲ.

ಭಾನುವಾರಗಳಲ್ಲಿ ಸೌನಾದ ಹಬೆಸ್ನಾನ ಮುಗಿಸಿ, ಕೆಂಪಾದ ಮುಖದಲ್ಲಿ ಕಾಫಿ ಕುಡಿಯುತ್ತ ಅಪ್ಪ ಮಗಳು ಒಂದು ಆಟ ಆಡುತ್ತಿದ್ದರು. ಐಲಿ ಒಂದು ಪದ ಹೇಳುತ್ತಿದ್ದಳು. ಅವನು ಆ ಪುಟ ತೆರೆಯುತ್ತಿದ್ದ. "ತಿರುವಿನ ಓರೆ." ಫಟ್ಟನೆ ಪುಟ. "ಬೋಲ್ಟಿನ ಹಿಡಿತ." ಫಟ್ಟನೆ ಪುಟ. ಅವನ ಕಣ್ಣು ಹೊಳೆಯುತ್ತಿತ್ತು. "ನಿನ್ನ ಚೀಟಿ ಬಂದ್ಮೇಲೆ ನನ್ನ ಕೈಗೆ ಕಣ್ಣು ಬಂದಂಗಾಗಿದೆ," ಅನ್ನುತ್ತಿದ್ದ.

ಹಾಗೆ ಆಡುತ್ತ ಒಮ್ಮೆ ಐಲಿ ತಮಾಷೆಗೆ, "ಕಾಂಕ್ರೀಟಿನ ತೂಕ," ಅಂದಳು. ಅದು ಅವಳಿಗೂ ಗೊತ್ತಿತ್ತು. ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸೇತುವೆ ದಾಟುವಾಗ, ಕಟಕಟೆ ತಟ್ಟಿ ಅವನೇ ಹೇಳಿಕೊಟ್ಟಿದ್ದ: ಒಂದು ಘನ ಅಡಿಗೆ ನೂರೈವತ್ತು ಪೌಂಡು, ನಿನ್ನಂಥ ಮೂವರು. ಈಗ ಅವನು ನಕ್ಕುಬಿಡುತ್ತಾನೆ ಎಂದುಕೊಂಡಳು. ಅವನು ನಗಲಿಲ್ಲ. ಹಸಿರು ಚೀಟಿ ಹಿಡಿದು ಪುಟ ತೆರೆದು, ಬೆರಳಿಟ್ಟು ಓದಿ, "ನೂರೈವತ್ತು," ಅಂದ. ಅಂದು, ಗೆದ್ದವನ ಹಾಗೆ ಅವಳ ಮುಖ ನೋಡಿದ.

ಅಂಗೈ ಹುಣ್ಣಿಗೆ ಕನ್ನಡಿ ಹಿಡಿದವನನ್ನು ಕಂಡಂತಾಯಿತು ಐಲಿಗೆ. ಹೇಳಬೇಕು ಅನ್ನಿಸಿತು. ಬದಲಿಗೆ ಮುಂದಿನ ಪದ ಹೇಳಿದಳು.

ಪರೀಕ್ಷೆ ದಕ್ಷಿಣಕ್ಕಿರುವ ಸೇಂಟ್ ಪಾಲ್ ನಗರದಲ್ಲಿ. ಹೊರಡುವ ದಿನ ಅಮ್ಮನ ತಮ್ಮ ರೂಡಿ ಮಾವ ತಾನು ಕೆಲಸ ಮಾಡುವ ಬಾರಿನಿಂದ ಬಿಯರ್ ಪೀಪಾಯಿ ಸಾಗಿಸುವ ತಳ್ಳುಗಾಡಿ ತಂದುಕೊಟ್ಟ.

"ಭಾವ, ಇದರ ಮೇಲೆ ಪೀಪಾಯಿ ಇಟ್ಕೊಂಡು ಹೋದ್ರೆ ಪಾಸು ಮಾಡೋರು ಬೇಗ ಮಾಡ್ತಾರೆ ನೋಡು," ಅಂದ.

"ನೀನು ಬರೆಯೋ ಪರೀಕ್ಷೆಗೆ ಹಾಗೆ ಮಾಡು," ಅಂದ ಆರ್ನೆ.

"ನಾನು ಫೇಲಾಗಿದ್ದು ಅದಕ್ಕೇ. ದಾರೀಲೇ ಕುಡಿದು ಖಾಲಿ ಮಾಡಿದ್ದೆ."

ಅಮ್ಮ ಮಾತ್ರ ಗಾಡಿಯ ಹಗ್ಗ ಬಿಗಿಯುತ್ತ, ತಲೆಯೆತ್ತದೆ ಹೇಳಿದಳು. "ಇದೇ ಕೊನೇದು ಆರ್ನೆ. ಮುಂದಿನ ಸಲದಿಂದ ಎಲ್ಲಾ ಕಂಪ್ಯೂಟರ್ ಮೇಲೆ, ಪುಸ್ತಕ ಒಳಗೆ ಬಿಡೋದಿಲ್ಲ ಅಂತ ನೀನೇ ಹೇಳಿದ್ದು. ಹೋಗಿ ಬಾ."

ಪರೀಕ್ಷೆಯ ಸಭಾಂಗಣದ ಮುಂದೆ ಬೆಳಿಗ್ಗೆ ಸಾಲು ನಿಂತಿತ್ತು. ಚಕ್ರದ ಸೂಟ್‌ಕೇಸು, ಹಾಲಿನ ಕ್ರೇಟು, ಮಕ್ಕಳ ಆಟದ ಬಂಡಿ, ಏನೇನೋ ಎಳೆದುಕೊಂಡು ಜನ ಊರು ಬಿಟ್ಟು ಹೊರಟವರ ಹಾಗೆ ಕಾಣುತ್ತಿದ್ದರು. ಬಾಗಿಲವರೆಗೆ ಐಲಿ ಜೊತೆಗೆ ಹೋದಳು. ಮೇಲ್ವಿಚಾರಕಿ ಒಂದೊಂದೇ ಪುಸ್ತಕ ತೆಗೆದು, ಬೆನ್ನು ಹಿಡಿದು ತಲೆಕೆಳಗಾಗಿ ಒದರಿದಳು. ಮುಂದಿದ್ದ ಒಬ್ಬನ ಪುಸ್ತಕದಿಂದ ಹಳದಿ ಚೀಟಿಗಳು ಮರದೆಲೆಯಂತೆ ಉದುರಿದವು; ಅವನ ಮುಖ ಬಿಳಚಿಕೊಂಡಿತು. ಆರ್ನೆಯ ಪುಸ್ತಕಗಳಿಂದ ಒಂದೂ ಬೀಳಲಿಲ್ಲ.

"ಯಾರು ಮಾಡಿದ್ದು ಇದನ್ನ?" ಕೇಳಿದಳು ಮೇಲ್ವಿಚಾರಕಿ.

"ನನ್ನ ಮಗಳು."

"ಅದೃಷ್ಟವಂತರು ನೀವು."

ಐಲಿಯ ಕಿವಿ ಬಿಸಿಯಾಯಿತು. ಅಪ್ಪ ಗಾಡಿ ತಳ್ಳಿಕೊಂಡು ಒಳಗೆ ಹೋಗುವಾಗ ತಿರುಗಿ ನೋಡಿದ. ಮೊದಲ ದಿನ ಶಾಲೆಗೆ ಬಿಟ್ಟ ಮಗುವಿನ ಮುಖದಂತಿತ್ತು ಅದು.

ಮಧ್ಯಾಹ್ನ ಬಿಡುವಿನಲ್ಲಿ ಅವನು ಕಾರಿನ ಹತ್ತಿರ ಬಂದ. ಸುತ್ತಲೂ ಡಿಕ್ಕಿ ತೆರೆದುಕೊಂಡು ಜನ ಊಟಕ್ಕೆ ಕೂತಿದ್ದರು. ಅಮ್ಮ ಕಟ್ಟಿಕೊಟ್ಟಿದ್ದ ಮಾಂಸ ಆಲೂಗಡ್ಡೆ ತುಂಬಿದ, ಕಡುಬಿನಂಥ ಪಾಸ್ಟಿಯನ್ನು ಐಲಿ ಬಿಚ್ಚಿ ಕೊಟ್ಟಳು. ಅವನು ಒಂದು ತುದಿ ಮುರಿದು ಕೈಯಲ್ಲೇ ಹಿಡಿದುಕೊಂಡ.

"ಎಲ್ಲಾ ಸಿಕ್ತು," ಅಂದ. "ಒಂದೂ ತಪ್ಪಲಿಲ್ಲ. ಕೈ ಹಾಕಿದ ಕಡೆ ಪುಟ."

ಐಲಿಯ ಎದೆ ಹಗುರಾಯಿತು. "ಹಾಗಾದ್ರೆ ಚೆನ್ನಾಗಾಯ್ತು?"

"ಅರ್ಧಕ್ಕೆ ಬಂದಿದ್ದೆ ಅಷ್ಟೇ. ಹೊತ್ತಾಯ್ತು ಅಂದ್ರು."

ಪಕ್ಕದ ಕಾರಿನ ಹುಡುಗಿಯ ಹತ್ತಿರ ಒಂದೇ ಪುಸ್ತಕ, ಒಂದು ತೆಳು ಫೈಲು. ಅವಳು ಸೇಬು ಕಚ್ಚುತ್ತ, "ನೀವು ನನ್ನ ಹಿಂದಿನ ಮೇಜಿನೋರು ಅಲ್ವಾ? ಪುಟ ತಿರುಗಿಸೋ ಗಾಳಿಗೆ ನನಗೆ ಚಳಿ ಆಗ್ತಿತ್ತು," ಅಂದು ನಕ್ಕಳು. ಅದರಲ್ಲಿ ಕೊಂಕಿರಲಿಲ್ಲ. ಆರ್ನೆಯೂ ನಗಲು ನೋಡಿದ.

ಅವಳು ಆಚೆ ಹೋದಮೇಲೆ ಐಲಿ ಅಪ್ಪನ ತೋಳು ಹಿಡಿದಳು. ಅಷ್ಟು ಮಾತು ಅವಳು ಒಟ್ಟಿಗೆ ಆಡಿದ್ದೇ ಕಡಿಮೆ. "ಅಪ್ಪಾ, ಮಧ್ಯಾಹ್ನ ಪುಸ್ತಕ ತೆಗೀಬೇಡ. ನೀನು ದಿನಾ ಮಾಡೋ ಕೆಲಸ ತಾನೇ ಅವರು ಕೇಳೋದು? ಗೊತ್ತಿರೋದನ್ನ ಗೊತ್ತಿರೋ ಹಾಗೇ ಬರಿ. ಗೊತ್ತಿಲ್ಲದ್ದಕ್ಕೆ ಮಾತ್ರ ನೋಡು."

"ತಪ್ಪಾದ್ರೆ?"

"ಆಗ್ಲಿ. ಕೊನೇಲಿ ಉಳಿದಿದ್ದಕ್ಕೆಲ್ಲ ಅವರು ಕೊಟ್ಟಿರೋ ನಾಲ್ಕರಲ್ಲಿ ಯಾವುದೋ ಒಂದು ಉತ್ತರ ತುಂಬು. ಎಲ್ಲರೂ ಹಾಗೇ ಮಾಡ್ತಾರಂತೆ, ತಪ್ಪಿಗೆ ಅಂಕ ಕಳೆಯೋದಿಲ್ಲ."

ಅವನು ಒಪ್ಪಿ ತಲೆಯಾಡಿಸಿದ. ಪಾಸ್ಟಿ ಹಾಗೇ ಕಾಗದದಲ್ಲಿ ಸುತ್ತಿಟ್ಟು ಎದ್ದು ಹೋದ.

ಸಂಜೆ ಬಾಗಿಲು ತೆರೆದಾಗ ಜನ ತೂಬು ತೆರೆದ ನೀರಿನ ಹಾಗೆ ಹೊರಬಂದರು. ಕೆಲವರು ಫೋನು ಕಿವಿಗಿಟ್ಟಿದ್ದರು, ಒಬ್ಬನಂತೂ ಅಳುತ್ತಿದ್ದ. ಆರ್ನೆ ಬಂದಿದ್ದು ಎಲ್ಲರೂ ಹೋದಮೇಲೆ. ಇಬ್ಬರೂ ಪುಸ್ತಕಗಳನ್ನು ಡಿಕ್ಕಿಗೆ ತುಂಬಿ ಹೊರಟರು. ಊರು ಹಿಂದೆ ಬಿದ್ದು ಪೈನ್ ಮರಗಳು ಶುರುವಾದಮೇಲೆ ಅವನು ಬಾಯಿಬಿಟ್ಟ.

"ನೀನು ಹೇಳಿದ ಹಾಗೇ ಮಾಡಿದೆ. ಪುಸ್ತಕ ಮುಚ್ಚಿ ಕೂತೆ."

ಐಲಿ ಅವನ ಕಡೆ ತಿರುಗಿದಳು.

"ಏನೂ ಬರಲಿಲ್ಲ ಮಗಳೇ. ಮೊದಲನೇ ಪ್ರಶ್ನೆ ಒಂದು ಸಾದಾ ತೊಲೆ. ಹೋದ ವಾರ ಕಚೇರೀಲಿ ಅಂಥದ್ದೇ ಮಾಡಿದ್ದೀನಿ. ಸೂತ್ರ ನಾಲಿಗೆ ತುದೀಲಿ ಬಂದು ನಿಂತ್ಕೊಳ್ತು. ಇದು ಸರಿಯೋ ತಪ್ಪೋ ಅಂತ ಬಂತು. ಒಂದ್ಸಲ ಹಾಗೆ ಬಂದ ಮೇಲೆ ಮುಗೀತು. ಎರಡನೇದಕ್ಕೂ ಹಾಗೇ. ನೀಲಿ ಚೀಟಿ ಹಿಡಿದೆ. ಆಮೇಲೆ ನಿಲ್ಲಿಸೋಕೆ ಆಗ್ಲಿಲ್ಲ."

"ಉಳಿದಿದ್ದನ್ನ ತುಂಬಿದ್ಯಾ?"

ಅವನು ರಸ್ತೆ ನೋಡುತ್ತಿದ್ದ. "ಪೆನ್ಸಿಲ್ ಕೆಳಗಿಡಿ ಅಂದಾಗ ಒಂದು ಪುಟ ಹುಡುಕ್ತಾ ಇದ್ದೆ. ಸಿಕ್ಕಿತ್ತು ಕೂಡ."

ಫಲಿತಾಂಶಕ್ಕೆ ಕಾಯುವ ಅಗತ್ಯ ಇನ್ನಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ತನ್ನ ಉಗುರಿನ ಕೆಳಗೆ ಇನ್ನೂ ಇದ್ದ ಟೇಪಿನ ಅಂಟನ್ನು ಐಲಿ ಕೆರೆಯುತ್ತ ಕೂತಳು. ಆ ಚೀಟಿಗಳು ಇಷ್ಟು ಚೆನ್ನಾಗಿ ಇರದಿದ್ದರೆ ಎಂಬ ಯೋಚನೆ ಬಂತು. ಅದನ್ನು ಅಲ್ಲಿಗೇ ನಿಲ್ಲಿಸಿದಳು.

ಅರ್ಧ ದಾರಿಯ ಹಿಂಕ್ಲಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ ಅವನು ಕೈಯಲ್ಲಿ ಎರಡು ಲೋಟ ಕಾಫಿ ಹಿಡಿದು ಬಂದ. ದನಿಯಲ್ಲಿ ಹಳೆಯ ಚುರುಕು ಬಂದಿತ್ತು. "ಐಲಿ, ಹೊಸ ಪರೀಕ್ಷೆಗೆ ಕಂಪ್ಯೂಟರಲ್ಲಿ ಅವರೇ ಒಂದು ಕೈಪಿಡಿ ಕೊಡ್ತಾರಂತೆ. ಅಲ್ಲಿಗೆ ಒಯ್ಯೋಕಾಗಲ್ಲ, ಸರಿ. ಆದ್ರೆ ಅದನ್ನ ಮೊದಲೇ ಅಚ್ಚು ಹಾಕಿಸಿ, ಬೈಂಡ್ ಮಾಡಿ, ನೀನು ಚೀಟಿ ಅಂಟಿಸಿಕೊಟ್ರೆ, ಪುಟ ಕಣ್ಣಲ್ಲಿ ಕೂತ್ಕೊಳ್ಳುತ್ತೆ. ವರ್ಷ ಮುಗಿಯೋದ್ರೊಳಗೆ ಇನ್ನೂ ಒಂದ್ಸಲ ಕೂರಬಹುದು. ಈ ವಾರವೇ ಶುರುಮಾಡೋಣ."

ಹೂಂ ಅಂದುಬಿಟ್ಟರೆ ಅವನು ಊರು ತಲುಪುವವರೆಗೂ ಮಾತಾಡುತ್ತಾನೆ, ರಾತ್ರಿ ಊಟ ಮಾಡುತ್ತಾನೆ. ಐಲಿಗೆ ಅದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಹುಟ್ಟಿದಾಗಿನಿಂದ ಅವಳು ಯಾರಿಗೂ ಇಲ್ಲ ಅಂದವಳಲ್ಲ.

"ನಾನು ಅಂಟಿಸಲ್ಲ ಅಪ್ಪಾ," ಅಂದಳು.

ಅವನಿಗೆ ಕೇಳಿಸಲಿಲ್ಲವೇನೋ ಅನ್ನಿಸಿತು. ಆಮೇಲೆ ನೋಡಿದರೆ, ಕಾಫಿ ಲೋಟ ಹಿಡಿದ ಕೈ ಸ್ವಲ್ಪ ಕೆಳಗೆ ಇಳಿದಿತ್ತು. ಅವನಿಗೆ ಸಿಟ್ಟು ಬಂದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಸರಿ," ಅಂದ. "ನಿನಗೂ ನಿನ್ನ ಕೆಲಸ ಇರುತ್ತೆ."

ಅಲ್ಲಿಂದ ದುಲೂತಿನವರೆಗೆ ಅವನು ರಸ್ತೆಯನ್ನೇ ನೋಡುತ್ತ ಕಾರು ಓಡಿಸಿದ. ಮನೆಯ ಮುಂದೆ ಅವನು ಇಳಿದು, ಡಿಕ್ಕಿಯ ಕಡೆ ತಿರುಗಿಯೂ ನೋಡದೆ ಒಳಗೆ ಹೋದ. ಅಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು. ನಾಲಿಗೆಯಲ್ಲಿ ಒಂದು ಮಾತು ಸಿದ್ಧಮಾಡಿಕೊಂಡೇ ನಿಂತಿದ್ದವಳು, ಗಂಡನ ಬೆನ್ನು ನೋಡಿ ಅದನ್ನು ನುಂಗಿಕೊಂಡಳು.

"ಪಾಸಾಗಲ್ಲ ಅಂತ ಸೋಮವಾರ ಬಾಸ್‌ಗೆ ತಾನೇ ಹೇಳಿಬಿಡ್ತಾನಂತಾ, ಇಲ್ಲಾ ಫಲಿತಾಂಶದ ಕಾಗದ ಬರೋವರೆಗೂ ಕಾಯ್ತಾನಂತಾ?" ಎಂದು ಮೆಲ್ಲಗೆ ಕೇಳಿದಳು.

"ಗೊತ್ತಿಲ್ಲಮ್ಮ."

ಒಳಗೆ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು. ಅವನು ಕೈ ತೊಳೆಯುತ್ತಿದ್ದ. ಬಹಳ ಹೊತ್ತಾದರೂ ಅದು ನಿಲ್ಲಲಿಲ್ಲ. ತಾಯಿ ಮಗಳು ಹೊರಗೇ ನಿಂತಿದ್ದರು, ಚಳಿಯಲ್ಲಿ. ಇಬ್ಬರಿಗೂ ಮೊದಲು ಒಳಗೆ ಹೋಗಲು ಮನಸ್ಸಾಗಲಿಲ್ಲ.